ಓದುಗರ ಪ್ರಶ್ನೆ: ಗುಡ್ಡ ಕುಸಿದರೆ ಅದು ದೇವರ ಶಿಕ್ಷೆಯಾ?

ಪ್ರಶ್ನೆ: 2024ರಲ್ಲಿ ಶಿರೂರು, ವಯನಾಡಿನಲ್ಲಿ ಗುಡ್ಡ ಕುಸಿದಾಗ ನಮ್ಮ ಸಭೆಯ ವಾಟ್ಸಾಪ್ ಗುಂಪಿನಲ್ಲಿ ಹಿರಿಯರೊಬ್ಬರು 'ಇದು ಪಾಪಕ್ಕೆ ದೇವರು ಕೊಟ್ಟ ಶಿಕ್ಷೆ' ಅಂತ ಬರೆದಿದ್ದರು. ಈಗಲೂ ಮಳೆಗಾಲದಲ್ಲಿ ಎಲ್ಲಾದರೂ ಅನಾಹುತವಾದರೆ ಅದೇ ಮಾತು. ಸುಮ್ನೆ ಇರುತ್ತೇನೆ, ಆದರೆ ಮನಸ್ಸು ಒಪ್ಪುವುದಿಲ್ಲ. ನನ್ನ ನಂಬಿಕೆ ಕಮ್ಮಿಯಾಯಿತಾ?
– ಒಬ್ಬ ಸಹೋದರಿ, ಸಕಲೇಶಪುರ

ಉತ್ತರ: ಇಲ್ಲ ಸಹೋದರಿ. ಆ ಮಾತನ್ನು ಯೇಸುಸ್ವಾಮಿಯೂ ಒಪ್ಪಲಿಲ್ಲ.

ಲೂಕ 13ನೇ ಅಧ್ಯಾಯ ತೆಗೆದು ನೋಡಿ. ಸಿಲೊವಾಮಿನಲ್ಲಿ ಬುರುಜು ಬಿದ್ದು 18 ಜನ ಸತ್ತಿದ್ದರು. ಅವರು ಯೆರೂಸಲೇಮಿನ ಉಳಿದವರಿಗಿಂತ ಜಾಸ್ತಿ ಪಾಪಿಗಳು ಅಂದುಕೊಂಡಿರಾ ಅಂತ ಯೇಸುಸ್ವಾಮಿ ಕೇಳುತ್ತಾರೆ, ಇಲ್ಲ ಅಂತ ಅವರೇ ಹೇಳುತ್ತಾರೆ. ನೀವೂ ದೇವರ ಕಡೆ ತಿರುಗಿಕೊಳ್ಳಬೇಕು ಅಂತಲೂ ಹೇಳುತ್ತಾರೆ, ನಿಜ. ಆದರೆ ಅದನ್ನು ಹೇಳಿದ್ದು ಬದುಕಿದ್ದವರಿಗೆ, ಎದುರಿಗೆ ನಿಂತು ಕೇಳುತ್ತಿದ್ದವರಿಗೆ. ನಮ್ಮವರು ಅದನ್ನು ಮಣ್ಣಿನಡಿ ಸಿಕ್ಕವರ ಮೇಲೆ ಹೊರಿಸುತ್ತಾರಲ್ಲ, ಅದನ್ನು ನೋಡಿದರೆ ನನಗೆ ತುಂಬಾ ಸಂಕಟವಾಗುತ್ತದೆ.

ಜುಲೈ 16ರಂದು ಶಿರೂರಿನಲ್ಲಿ ಹೋದವರು ಯಾರು? ಹೆದ್ದಾರಿ ಬದಿಯಲ್ಲಿ ಹೋಟೆಲ್ ನಡೆಸುತ್ತಿದ್ದ ಕುಟುಂಬ, ಲಾರಿ ಚಾಲಕರು. ಜುಲೈ 30ರ ನಸುಕಿನಲ್ಲಿ ವಯನಾಡಿನ ಮುಂಡಕ್ಕೈ, ಚೂರಲ್‌ಮಲದಲ್ಲಿ 200ಕ್ಕೂ ಹೆಚ್ಚು ಜನ ಸತ್ತರು, ಎಷ್ಟೋ ಮಂದಿ ನಿದ್ದೆಯಲ್ಲೇ. ಪುಟ್ಟ ಮಕ್ಕಳೂ ಇದ್ದರು. ಅವರನ್ನು ನಮಗಿಂತ ದೊಡ್ಡ ಪಾಪಿಗಳು ಅನ್ನಲು ನಾವು ಯಾರು?

ಹಾಗಂತ ಯಾರ ತಪ್ಪೂ ಇಲ್ಲ ಅಂತಲ್ಲ. ಧರ್ಮೋಪದೇಶಕಾಂಡ 22:8ರಲ್ಲಿ ಒಂದು ಆಜ್ಞೆ ಇದೆ, ನಾವು ಅದರ ಬಗ್ಗೆ ಪ್ರಸಂಗ ಮಾಡುವುದೇ ಕಡಿಮೆ. ಹೊಸ ಮನೆ ಕಟ್ಟಿದರೆ ಮಾಳಿಗೆಯ ಸುತ್ತ ಗೋಡೆ ಹಾಕಿಸಬೇಕು, ಇಲ್ಲದಿದ್ದರೆ ಯಾರಾದರೂ ಬಿದ್ದು ಸತ್ತಾಗ ಆ ಅಪರಾಧ ಮನೆಯವರ ಮೇಲೆ ಬರುತ್ತದೆ ಅಂತ. ಬಿದ್ದವನು ಏನು ಪಾಪ ಮಾಡಿದ್ದ ಅಂತ ಅಲ್ಲಿ ಕೇಳಿಲ್ಲ, ಗೋಡೆ ಹಾಕಿಸಿದ್ದರಾ ಅಂತ ಕೇಳಿದೆ. ಶಿರೂರಿನಲ್ಲಿ ಹೆದ್ದಾರಿ ಅಗಲ ಮಾಡಲು ಗುಡ್ಡ ಕಡಿದಿದ್ದರು. ಪಶ್ಚಿಮ ಘಟ್ಟವನ್ನು ಹೀಗೆಲ್ಲ ಕೆಣಕಬಾರದು ಅಂತ, ಘಟ್ಟದ ಅಧ್ಯಯನಕ್ಕೆ ಕೇಂದ್ರ ಸರ್ಕಾರವೇ ನೇಮಿಸಿದ್ದ ಗಾಡ್ಗೀಳ್ ಸಮಿತಿ 2011ರಲ್ಲೇ ಎಚ್ಚರಿಸಿತ್ತು. ವಯನಾಡಿನಲ್ಲಿ ಮಳೆ ವಿಪರೀತ ಇತ್ತು, ಒಪ್ಪೋಣ. ಆದರೆ ಹತ್ತಿರದ ಪುತ್ತುಮಲದಲ್ಲಿ 2019ರಲ್ಲೇ ಗುಡ್ಡ ಬಿದ್ದು ಜನ ಸತ್ತಿದ್ದರು. ಅಷ್ಟಾದ ಮೇಲೂ ಅಂಥ ಮಳೆಯ ರಾತ್ರಿ ಹೊಳೆ ಬದಿಯ ಎಲ್ಲರನ್ನೂ ಬೇರೆ ಕಡೆ ಕಳಿಸಿರಬೇಕಿತ್ತು ಅಲ್ವಾ? 'ದೇವರ ಶಿಕ್ಷೆ' ಅಂದುಬಿಟ್ಟರೆ ಇದನ್ನೆಲ್ಲ ಕೇಳುವವರೇ ಇರುವುದಿಲ್ಲ.

ಪ್ರಶ್ನೆ: ಇವೆಲ್ಲ ಮತ್ತಾಯ 24ರಲ್ಲಿ ಹೇಳಿದ ಅಂತ್ಯಕಾಲದ ಗುರುತುಗಳಲ್ಲವಾ?
– ಅದೇ ಸಹೋದರಿ

ಉತ್ತರ: ಅದೇ ಅಧ್ಯಾಯದಲ್ಲಿ ಕಳವಳಪಡಬೇಡಿ ಅಂತಲೂ ಇದೆ, ಆ ದಿನ ತಂದೆಗೆ ಬಿಟ್ಟು ಯಾರಿಗೂ ಗೊತ್ತಿಲ್ಲ ಅಂತಲೂ ಇದೆ. ಲೆಕ್ಕ ಹಾಕುವ ಕೆಲಸ ನಮಗೆ ಕೊಟ್ಟಿಲ್ಲ. ಅಳುವವರ ಸಂಗಡ ಅಳಿರಿ ಅಂತ ರೋಮಾಪುರದವರಿಗೆ ಪೌಲನು ಬರೆದದ್ದು ಮಾತ್ರ ನಮಗೆ ಕೊಟ್ಟ ಕೆಲಸವೇ. ನಿಮ್ಮ ಕಡೆ ಗುಡ್ಡದ ಕೆಳಗೆ ಮನೆ ಇರುವವರು ಸಭೆಯಲ್ಲೇ ಇರಬಹುದು. ರೆಡ್ ಅಲರ್ಟ್ ಬಂದ ರಾತ್ರಿ ಅವರು ಚರ್ಚ್ ಹಾಲ್‌ನಲ್ಲಿ ಮಲಗಬಹುದಾ, ಬೀಗದ ಕೈ ಯಾರ ಹತ್ತಿರ ಇರುತ್ತದೆ ಅಂತ ಅದೇ ಗುಂಪಿನಲ್ಲಿ, ಆ ಹಿರಿಯರನ್ನೇ ಕೇಳಿ.