ಪೋರ್ಚುಗೀಸ್ ಕ್ರಿಯಾಪದಕ್ಕೆ ಸರ್ವನಾಮ ಅಂಟಿದರೆ ಒತ್ತು ಎಲ್ಲಿ ಬೀಳುತ್ತದೆ?

ಒತ್ತು, ಅಂದರೆ ಪದದಲ್ಲಿ ಜೋರಾಗಿ ಹೇಳುವ ಅಕ್ಷರ, ಯಾವುದು ಅಂತ ತಿಳಿಯಲು ಸೆ, ಮೆ, ಲು ತರದ ಸರ್ವನಾಮ ಅಂಟಿದ ಮೇಲೆ ಅಕ್ಷರಗಳನ್ನು ಕೊನೆಯಿಂದ ಮತ್ತೆ ಎಣಿಸಬೇಕಾ ಅಂತ ಕೇಳಿದ್ದೀರಿ. ಎಣಿಸಲೇ ಬೇಡಿ. ಹಾಗೆ ಎಣಿಸಿಯೇ ನಾನು ಲಿಸ್ಬನ್‌ನಲ್ಲಿ ಒಂದು ಕೆಲಸ ಕಳೆದುಕೊಂಡೆ.

ಹೋಟೆಲ್ ರಿಸೆಪ್ಷನ್ ಕೆಲಸ. ಇಂಗ್ಲಿಷ್ ಮಾತಾಡುತ್ತೇವೆ ಅಂತ ಬಾಗಿಲಿಗೆ ಹಾಕಲು ಒಂದು ಬೋರ್ಡು ಬರೆದು ತೋರಿಸಿ ಅಂದರು. ಬೇಕಿದ್ದದ್ದು ‘ಫಾಲ-ಸೆ ಇಂಗ್ಲೇಶ್’. ನಾನು ಭಾಷೆ ಕಲಿತದ್ದು ಕಿವಿಯಿಂದ, ಹಾಗಾಗಿ ‘ಫಾಲ-ಸೆ’ ಒಂದೇ ಪದ ಅಂದುಕೊಂಡಿದ್ದೆ. ಸಂಧಿ ಮಾಡಿ ಬರೆಯುವ ನಮಗೆ ಸೇರಿದ್ದೆಲ್ಲ ಒಂದೇ, ಅಲ್ವಾ? ‘ಎ’ ಕೊನೆಯಲ್ಲಿ ಬಂದರೆ ಸಾಮಾನ್ಯವಾಗಿ ಕೊನೆಯಿಂದ ಎರಡನೇ ಅಕ್ಷರಕ್ಕೆ ಒತ್ತು ಅಂತ ಓದಿದ್ದೆ. ಸರಿ, ‘ಫಲಾಸೆ’ ಅಂದುಕೊಂಡೆ. ಅಷ್ಟಕ್ಕೇ ನಿಲ್ಲಲಿಲ್ಲ. ಎರಡು ಸ್ವರಗಳ ನಡುವೆ ಒಂಟಿ ಎಸ್ ಬಂದರೆ ಅದನ್ನು ‘ಜ಼’ ಅಂತ ಓದುತ್ತಾರೆ, ‘ಸ’ ಬೇಕಿದ್ದರೆ ಎರಡು ಎಸ್ ಹಾಕಬೇಕು. ಹಾಕಿದೆ, ಅಡ್ಡಗೆರೆ ಬಿಟ್ಟೆ. ನಿಯಮವೆಲ್ಲ ಸರಿ, ಪದ ಮಾತ್ರ ಬೇರೆ! ‘ಫಲಾಸೆ’ ಅಂದರೆ ‘ಮಾತಾಡಿದರೆ’ ಅನ್ನುವಲ್ಲಿ ಬರುವ ರೂಪ. ಮ್ಯಾನೇಜರ್ ನಗಲೂ ಇಲ್ಲ, ಫೋನ್ ಮಾಡ್ತೀವಿ ಅಂದರು. ಪೋರ್ಚುಗೀಸರೇ ಎಷ್ಟೋ ಜನ ಹೀಗೆ ಬರೆಯುತ್ತಾರೆ ಅಂತ ಆಮೇಲೆ ಗೊತ್ತಾಯಿತು. ಅವರಿಗೆ ನಡೆಯುತ್ತದೆ, ಕೆಲಸ ಕೇಳಲು ಹೋದ ನಮಗೆ ನಡೆಯಲ್ಲ.

ಕ್ರಿಯಾಪದದ ಒತ್ತು ಮೊದಲು ಎಲ್ಲಿತ್ತೋ ಅಲ್ಲೇ ಇರುತ್ತದೆ. ಸರ್ವನಾಮ ಬರೀ ಬಾಲ. ‘ದಾವಮುಶ್-ಲ್ಯೆ’, ಅಂದರೆ ‘ಅವನಿಗೆ ಕೊಡುತ್ತಿದ್ದೆವು’, ಇದರಲ್ಲಿ ಒತ್ತು ‘ದಾ’ ಮೇಲೆ, ಕೊನೆಯಿಂದ ನಾಲ್ಕನೆಯದು. ಬಿಡಿ ಪದದಲ್ಲಿ ಅದು ಮೂರನೆಯದನ್ನು ದಾಟುವುದಿಲ್ಲ.

ಒತ್ತು ತೋರಿಸಲು ಸ್ವರದ ತಲೆಯ ಮೇಲೆ ಹಾಕುವ ಗೆರೆಗೂ ಇದೇ ಲೆಕ್ಕ. ‘ಕೊಂಪ್ರಾರ್’, ಅಂದರೆ ‘ಕೊಳ್ಳುವುದು’, ಇದರ ಕೊನೆಯ ‘ರ್’ ಬಿದ್ದು ‘ಕೊಂಪ್ರಾ-ಲು’ ಆದಾಗ ‘ಕೊಂಪ್ರಾ’ ಅಷ್ಟನ್ನೇ ನೋಡಿ. ‘ಆ’ ಕೊನೆಯಲ್ಲಿದ್ದು ಒತ್ತೂ ಅಲ್ಲೇ ಬಿದ್ದರೆ ಗೆರೆ ಬೇಕು. ‘ಅಬ್ರಿರ್’, ಅಂದರೆ ‘ತೆರೆಯುವುದು’, ಇದರಿಂದ ಬಂದ ‘ಅಬ್ರಿ-ಲು’ಗೆ ಬೇಡ, ‘ಇ’ ಕೊನೆಯಲ್ಲಿದ್ದರೆ ಒತ್ತು ತಾನಾಗಿಯೇ ಅಲ್ಲಿ ಬೀಳುತ್ತದೆ.

ಸುಮ್ನೆ ಅಕ್ಷರ ಬಿಡಿಸುತ್ತಾ ಕೂರಬೇಡಿ. ಒತ್ತು ಇರುವಲ್ಲಿ ದೀರ್ಘ ಹಾಕಿ ಕನ್ನಡದಲ್ಲೇ ಬರೆದುಕೊಳ್ಳಿ. ನಮ್ಮ ಕಿವಿಗೆ ಒತ್ತು ಗೊತ್ತಾಗುವುದು ಕಷ್ಟ, ದೀರ್ಘ ತಕ್ಷಣ ಗೊತ್ತಾಗುತ್ತದೆ. ಬರೆಯುವಾಗ ಅಡ್ಡಗೆರೆಯೋ ಎರಡು ಎಸ್ಸೋ ಅಂತ ಅನುಮಾನ ಬಂದರೆ ಕ್ರಿಯಾಪದಕ್ಕೆ ಮೊದಲು ‘ನಾಂವ್’, ಅಂದರೆ ‘ಇಲ್ಲ’, ಸೇರಿಸಿ ನೋಡಿ. ‘ನಾಂವ್ ಸೆ ಫಾಲ’ ಅಂತ ‘ಸೆ’ ಮುಂದಕ್ಕೆ ಬಂದರೆ ಅಡ್ಡಗೆರೆ ಹಾಕಿ. ಜಾಗ ಬಿಟ್ಟು ಕದಲದಿದ್ದರೆ ಎರಡು ಎಸ್. ಬ್ರೆಜಿಲ್ ಸೀರಿಯಲ್ ನೋಡಿ ಕಲಿಯುತ್ತಿದ್ದೀರಾದರೆ ಸ್ವಲ್ಪ ಹುಷಾರು, ಅಲ್ಲಿ ಆಡುಮಾತಿನಲ್ಲಿ ‘ಸೆ’, ‘ಮೆ’ ಜಾಸ್ತಿ ಕ್ರಿಯಾಪದಕ್ಕೆ ಮೊದಲೇ ಇರುತ್ತವೆ.