ಹರ್ಪಿಸ್ ವೈರಸ್‌ಗೆ ತನ್ನ ಎಲ್ಲ ಜೀನ್‌ಗಳೂ ಬೇಕೇ ಬೇಕಾ?

ಒಂದು ಜೀನ್ ತೆಗೆದರೆ ವೈರಸ್ ಬೆಳೆಯುವುದು ನಿಲ್ಲುತ್ತಾ ಅಂತ ಕೇಳಿದ್ದೀರಿ. ಅದು ಯಾವ ಜೀನ್, ಯಾವ ಕೋಶ ಅನ್ನುವುದರ ಮೇಲಿದೆ.

ತುಟಿಯಲ್ಲಿ ಗುಳ್ಳೆ ಏಳಿಸುವ ಹರ್ಪಿಸ್ ವೈರಸ್ ಎಚ್‌ಎಸ್‌ವಿ-1ರಲ್ಲಿ 70ಕ್ಕಿಂತ ಜಾಸ್ತಿ ಜೀನ್‌ಗಳಿವೆ. ಲ್ಯಾಬಿನಲ್ಲಿ ಬೆಳೆಸಿದ ಕೋಶಗಳಲ್ಲಾದರೆ ಸುಮಾರು ಅರ್ಧದಷ್ಟನ್ನು ಒಂದೊಂದಾಗಿ ತೆಗೆದು ನೋಡಿದರೂ ವೈರಸ್ ಬೆಳೆಯುತ್ತದೆ. ಆದರೆ ಐಸಿಪಿ4 ಅನ್ನುವ ಜೀನ್ ತೆಗೆದರೆ ಕತೆ ಮುಗೀತು. ಅದಿಲ್ಲದೆ ಮುಂದಿನ ಹಂತದ ಜೀನ್‌ಗಳು ಹೆಚ್ಚುಕಡಿಮೆ ಯಾವುವೂ ಆನ್ ಆಗುವುದಿಲ್ಲ, ಡಿಎನ್‌ಎ ನಕಲೂ ಶುರುವಾಗುವುದಿಲ್ಲ. ಐಸಿಪಿ0 ಅನ್ನುವ ಇನ್ನೊಂದು ಜೀನ್ ಹಾಗಲ್ಲ, ಅದಿಲ್ಲದಿದ್ದರೂ ಒಂದೇ ಕೋಶಕ್ಕೆ ತುಂಬಾ ಕಣಗಳು ನುಗ್ಗಿದರೆ ಹೇಗೋ ಬೆಳೆಯುತ್ತದೆ, ಒಂದೆರಡೇ ಹೊಕ್ಕರೆ ಕೋಶ ಅದನ್ನು ಅದುಮಿಬಿಡುತ್ತದೆ.

ನನಗೆ ತುಂಬಾ ಮುಖ್ಯ ಅನಿಸುವುದು ಥೈಮಿಡಿನ್ ಕೈನೇಸ್ ಜೀನ್, ಅಂದರೆ ಡಿಎನ್‌ಎ ಕಟ್ಟುವ ಸಾಮಾನು ತಯಾರಿಸಲು ನೆರವಾಗುವ ಕಿಣ್ವದ ಜೀನ್. ವಿಭಜನೆಯಾಗುತ್ತಿರುವ ಕೋಶದಲ್ಲಿ ಅದಿಲ್ಲದೆಯೂ ನಡೆಯುತ್ತದೆ. ನರಕೋಶದಲ್ಲಿ ಡಿಎನ್‌ಎ ಕಟ್ಟುವ ಸಾಮಾನು ಕಮ್ಮಿ, ಅಲ್ಲಿ ಅಡಗಿದ್ದು ಮತ್ತೆ ಏಳಬೇಕಾದರೆ ಅದು ಬೇಕು. ಹರ್ಪಿಸ್‌ಗೆ ಕೊಡುವ ಅಸೈಕ್ಲೋವಿರ್ ಮಾತ್ರೆ ನಂಬಿರುವುದೂ ಇದನ್ನೇ! ವೈರಸ್‌ನ ಕೈನೇಸ್ ಆ ಮದ್ದಿಗೆ ಮೊದಲ ಫಾಸ್ಫೇಟ್ ಅಂಟಿಸುತ್ತದೆ, ಇನ್ನೆರಡನ್ನು ನಮ್ಮ ಕೋಶದ ಕಿಣ್ವಗಳೇ ಸೇರಿಸುತ್ತವೆ, ಆಮೇಲೆ ಅದು ವೈರಸ್‌ನ ಡಿಎನ್‌ಎಗೆ ಸೇರಿಕೊಂಡು ಸರಪಳಿ ಮುಂದೆ ಬೆಳೆಯದ ಹಾಗೆ ಮಾಡುತ್ತದೆ. ಸೋಂಕಿಲ್ಲದ ಕೋಶದಲ್ಲಿ ಆ ಮೊದಲ ಹೆಜ್ಜೆಯೇ ಸರಿಯಾಗಿ ಆಗುವುದಿಲ್ಲ. ಹಾಗಾಗಿ ಈ ಜೀನ್ ಕೆಟ್ಟ ವೈರಸ್‌ಗೆ ಮಾತ್ರೆ ನಾಟುವುದಿಲ್ಲ.

ನಮ್ಮ ಕಾಸರಗೋಡಿನ ಕಡೆ ಸರ್ಪಸುತ್ತು ಅಂತೀವಲ್ವಾ, ಅದನ್ನು ತರುವುದೂ ಇದೇ ಕುಟುಂಬದ ವೈರಸ್, ಅದಕ್ಕೂ ಇಂಥದ್ದೇ ಕೈನೇಸ್ ಇದೆ. ಕುಂಬಳೆ, ಬದಿಯಡ್ಕದವರಿಗೂ ಹೇಳುತ್ತೇನೆ, ಮಂತ್ರಿಸಿಕೊಂಡು ಸುಮ್ನೆ ಕೂರಬೇಡಿ, ಗುಳ್ಳೆ ಎದ್ದ 72 ಗಂಟೆಯೊಳಗೆ ಡಾಕ್ಟರಿಗೆ ತೋರಿಸಿ. ವೈರಸ್ ಜೋರಾಗಿ ನಕಲಾಗುತ್ತಿರುವಾಗಲೇ ಈ ಮದ್ದು ಚೆನ್ನಾಗಿ ಹಿಡಿಯುವುದು.