ಪ್ರಶ್ನೆ: ಪೊಲೀಸ್ ಗಂಡಂಗೆ ಮಡಿಕೇರಿ ಪೋಸ್ಟಿಂಗ್, ಡ್ಯೂಟಿ ಅಂದ್ರೆ ಪ್ರಾಣ, ಮನೇಲಿ ಮಾತೇ ಇಲ್ಲ, ಏನ್ ಮಾಡ್ಲಿ?

ಡ್ಯೂಟಿ ಮೇಲೆ ಅಷ್ಟು ಪ್ರೀತಿ ಇರೋದು ತಪ್ಪಲ್ಲ ತಂಗಿ, ನಮ್ಮನೇವ್ರು ಹೆಡ್ ಕಾನ್‌ಸ್ಟೇಬಲ್ಲು, ಅವ್ರಿಗೂ ಅದೇ ಹುಚ್ಚು. ಮೊದ್ಲು ಇಲ್ಲಿನ ಕ್ಯಾಲೆಂಡರ್ ಅರ್ಥ ಮಾಡ್ಕೊಳಿ. ಅಕ್ಟೋಬರ್ ಬಂತಂದ್ರೆ ದಸರಾ, ವಿಜಯದಶಮಿ ರಾತ್ರಿ ದಶಮಂಟಪ ಅಂತ ಹತ್ತು ದೇವಸ್ಥಾನಗಳ ಮಂಟಪಗಳ ಮೆರವಣಿಗೆ ಮುಗಿಯೋಷ್ಟ್ರಲ್ಲಿ ಬೆಳಕು ಹರಿದಿರುತ್ತೆ, ಮತ್ತೆ 17ಕ್ಕೋ 18ಕ್ಕೋ ತಲಕಾವೇರೀಲಿ ಕಾವೇರಿ ತೀರ್ಥ ಉಕ್ಕೋ ತೀರ್ಥೋದ್ಭವದ ಬಂದೋಬಸ್ತ್, ವೀಕೆಂಡಲ್ಲಿ ಟೂರಿಸ್ಟ್ ಟ್ರಾಫಿಕ್ಕು. ಮಳೆಗಾಲದ ಕಥೆ ಬೇರೇನೇ, 2018ರ ಆಗಸ್ಟಲ್ಲಿ ಗುಡ್ಡ ಜರಿದಾಗ ಇವ್ರು ಮನೆಗೆ ಬರ್ದೆ ಎಷ್ಟ್ ದಿನ ಆಯ್ತು ಅಂತ ನಾನು ಲೆಕ್ಕ ಇಡೋದೇ ಬಿಟ್ಟಿದ್ದೆ.

ಆದ್ರೆ ನಂಗೆ ಅನ್ಸಿದ್ದು, ಸಂಸಾರ ಕೆಡಿಸೋದು ಬರೀ ಗಂಟೆಗಳ ಲೆಕ್ಕ ಅಲ್ಲ, ಯಾವಾಗ ಬರ್ತಾರೆ ಅನ್ನೋದೇ ಗೊತ್ತಿಲ್ದೆ ಇರೋದು, ಮತ್ತೆ ಸ್ಟೇಷನ್ ಸಿಟ್ಟು ಮನೆಗೆ ಬರೋದು. ಇನ್‌ಸ್ಪೆಕ್ಟರ್ ಒಳ್ಳೇವ್ರಾಗಿದ್ದು ವೀಕ್ಲಿ ಆಫ್ ಸರಿಯಾಗಿ ಸಿಕ್ಕಿದ ವರ್ಷ ಇವ್ರು ಅದೇ ಕೆಲ್ಸನ ನಗ್ತಾ ಮಾಡಿದ್ರು, ಮನುಷ್ಯರೇ ಬದಲಾದಂಗಿತ್ತು.

ನಾವೀಗ ಹಬ್ಬ ಡೇಟ್ ನೋಡಿ ಮಾಡಲ್ಲ, ಕೊಡಗಿನ ಸುಗ್ಗಿ ಹಬ್ಬ ಪುತ್ತರಿ ಊಟಾನೂ ಅವ್ರ ಆಫ್ ದಿನಾನೇ. ಬಂದ್ ಕೂಡ್ಲೆ ಅರ್ಧ ಗಂಟೆ ಏನೂ ಕೇಳಲ್ಲ, ಸ್ನಾನ, ಕಾಫಿ ಆದ್ಮೇಲೆ ಅವ್ರೇ ಶುರು ಮಾಡ್ತಾರೆ. ಕ್ವಾರ್ಟರ್ಸಲ್ಲಿ ಇದ್ರೆ ಪಕ್ಕದ ಮನೆಯವ್ರ ಜೊತೆ ಬೆರೀರಿ, ಅವ್ರ ಮನೇಲೂ ಇದೇ ಪಾಡು. ನಿದ್ದೆ ಬರ್ತಿಲ್ಲ, ಕುಡಿಯೋದು ಜಾಸ್ತಿ ಆಗಿದೆ ಅಂದ್ರೆ ಮಾತ್ರ ಕಾಯ್ಬೇಡಿ, ಡಾಕ್ಟರ್ ಹತ್ರ ಕರ್ಕೊಂಡ್ ಹೋಗಿ.